ಸಾಲಿನಲ್ಲಿ ಆ ವರ್ಷ ಎಷ್ಟನೇದು? ಒಂದು ಶೇಕಡಾ ಗೆರೆ, ಮೂರು ನದಿಗಳ ಕಥೆ

(ಪಾಡ್‌ಕಾಸ್ಟ್ ಎಪಿಸೋಡಿನ ಲಿಖಿತ ರೂಪ)

ಕಲಘಟಗಿಯಿಂದ ಮಾತಾಡ್ತಾ ಇದ್ದೀನಿ. ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕುಂತವರು, ಹೊಲದ ಬದುವಿನ ಮ್ಯಾಲ ಫೋನ್ ಹಿಡ್ಕೊಂಡು ನಿಂತವರು, ಬೆಂಗಳೂರಿನ ಪಿಜಿಯಾಗ ಬಟ್ಟಿ ಒಗೀತಾ ಕೇಳೋರು, ಎಲ್ಲರಿಗೂ ಸ್ವಾಗತ.

ಇವತ್ತು ಒಂದು ಪದದ ಇತಿಹಾಸ ಹೇಳ್ತೀನಿ. ನೀರಿನ ಜಗಳದ ಸುದ್ದಿ ಬಂದಾಗೆಲ್ಲ ಈ ಪದ ಬರುತ್ತದೆ: ‘ಶೇ 75ರ ಡಿಪೆಂಡಬಲ್ ನೀರು’. ಕನ್ನಡದಲ್ಲಿ ಖಾತ್ರಿ ನೀರು ಅನ್ನೋಣ. ಮಹದಾಯಿ ಸುದ್ದಿಯಲ್ಲಿ ಬರುತ್ತದೆ, ಕೃಷ್ಣಾ ಸುದ್ದಿಯಲ್ಲಿ ಬರುತ್ತದೆ, ಕಾವೇರಿಯಲ್ಲಿ ಅದೇ ಪದ ಬೇರೆ ಸಂಖ್ಯೆ ಹೊತ್ತುಕೊಂಡು ಬರುತ್ತದೆ. ನಾವು ಟಿಎಂಸಿ ಅಂಕಿ ಅಷ್ಟೇ ನೋಡಿ ಮುಂದೆ ಹೋಗ್ತೀವಿ, ಶೇಕಡಾವನ್ನು ಬಿಟ್ಟುಬಿಡ್ತೀವಿ. ಆದ್ರೆ ಟಿಎಂಸಿ ಹುಟ್ಟೋದೇ ಆ ಶೇಕಡಾದಿಂದ. ಅದು ಒಂದು ಸಾಲಿನೊಳಗಿನ ಜಾಗ. ಆ ಜಾಗ ಹುಡುಕೋದು ಹೇಗೆ, ಕಂಪ್ಯೂಟರ್‌ಗೆ ಹೇಳಿದ್ರೆ ಅದು ಹೇಗೆ ಹುಡುಕುತ್ತದೆ, ಹುಡುಕೋ ದಾರಿ ಬದಲಾದ್ರೆ ಏನಾಗುತ್ತದೆ ಅನ್ನೋದು ಇವತ್ತಿನ ಮಾತು. ಲೆಕ್ಕ ಅಂದ್ರ ಹೆದರಬ್ಯಾಡ್ರಿ. ನಾನೂ ಬಿಕಾಂ ಮಾಡಿದವನು, ಎಂಟು ಸಂಖ್ಯೆಗಿಂತ ಹೆಚ್ಚು ಇವತ್ತು ಬಳಸೋದಿಲ್ಲ.

ಹದಿನಾರಾಣೆ ಬೆಳಿ

ಮೊದಲು ನಮ್ಮ ಅಜ್ಜಂದಿರ ಕಾಲಕ್ಕೆ ಹೋಗೋಣ. ಧಾರವಾಡ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯ ಸೇರುವ ತನಕ ಮುಂಬೈ ಆಡಳಿತದಲ್ಲಿತ್ತು. ಆ ಆಡಳಿತದಲ್ಲಿ ಬೆಳೆ ಎಷ್ಟು ಬಂತು ಅಂತ ಅಳೆಯುವ ಕ್ರಮಕ್ಕೆ ಆಣೆವಾರಿ ಅಂತ ಹೆಸರು. ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ, ಪೂರ್ತಿ ಬೆಳೆ ಅಂದ್ರೆ ಹದಿನಾರಾಣೆ. ಅರ್ಧ ಬಂದ್ರೆ ಎಂಟಾಣೆ, ಕಾಲು ಭಾಗ ಬಂದ್ರೆ ನಾಲ್ಕಾಣೆ. ನಾಲ್ಕಾಣೆಗಿಂತ ಕಡಿಮೆಯಾದ ವರ್ಷ ಭೂಕಂದಾಯ ವಸೂಲಿ ಪೂರ್ತಿ ನಿಲ್ಲಿಸಬೇಕು ಅನ್ನೋದು ನಿಯಮ.

1918ರಲ್ಲಿ ಇದೇ ಮುಂಬೈ ಪ್ರಾಂತ್ಯದ ಖೇಡಾದಲ್ಲಿ ಗಾಂಧೀಜಿ ಸತ್ಯಾಗ್ರಹ ಮಾಡಿದ್ದು ಈ ನಾಲ್ಕಾಣೆಯ ಮೇಲೆ. ಬೆಳೆ ನಾಲ್ಕಾಣೆಗಿಂತ ಕಡಿಮೆ ಅಂತ ರೈತರು, ಹೆಚ್ಚು ಅಂತ ಅಧಿಕಾರಿಗಳು. ಹೊಲ ಅದೇ, ಬೆಳೆ ಅದೇ, ಅಳತೆ ಎರಡು.

ಆಣೆವಾರಿಯಲ್ಲಿ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಹದಿನಾರಾಣೆ ಅಂದ್ರೆ ಯಾವ ವರ್ಷದ ಬೆಳೆ? ಅತ್ಯಂತ ಚಲೋ ವರ್ಷದ್ದಾ, ಸಾಧಾರಣ ವರ್ಷದ್ದಾ? ಆ ‘ಪೂರ್ತಿ’ಯನ್ನು ಸ್ವಲ್ಪ ಮೇಲೆ ಇಟ್ಟರೆ ಎಲ್ಲ ವರ್ಷವೂ ಬರ, ಸ್ವಲ್ಪ ಕೆಳಗೆ ಇಟ್ಟರೆ ಯಾವ ವರ್ಷವೂ ಬರ ಅಲ್ಲ.

ಹಳ್ಳಿಯ ಹಿರಿಯರಿಗೆ ಇನ್ನೊಂದು ಭಾಷೆಯೂ ಗೊತ್ತಿತ್ತು. ‘ಹತ್ತು ವರ್ಷದಾಗ ಮೂರು ವರ್ಷ ಈ ಕೆರಿ ತುಂಬೂದಿಲ್ಲ ನೋಡು’ ಅಂತ ಹೇಳ್ತಾರಲ್ಲ, ಆ ಮಾತು ಆಣೆವಾರಿಗಿಂತ ಬೇರೆ. ಅದರಲ್ಲಿ ಪೂರ್ತಿ ಬೆಳೆ ಎಷ್ಟು ಅನ್ನೋ ಊಹೆ ಇಲ್ಲ. ವರ್ಷಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಎಣಿಸಿದ ಮಾತು ಅದು. ಸಂಖ್ಯಾಶಾಸ್ತ್ರದವರು ಇದನ್ನೇ ಕ್ವಾಂಟೈಲ್ ಅಂತಾರೆ. ನೂರು ಭಾಗ ಮಾಡಿದ್ರೆ ಪರ್ಸೆಂಟೈಲ್, ನಾಲ್ಕು ಭಾಗ ಮಾಡಿದ್ರೆ ಕ್ವಾರ್ಟೈಲ್, ಸರಿಯಾಗಿ ನಡುವೆ ನಿಂತದ್ದು ಮೀಡಿಯನ್.

ಲಂಡನ್ನಿನ ಸಾಲು

ಪರ್ಸೆಂಟೈಲ್ ಅನ್ನೋ ಪದವನ್ನು 1885ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಅದಕ್ಕೂ ಹತ್ತು ವರ್ಷ ಮೊದಲು, 1875ರಲ್ಲಿ, ಅವನು ಒಂದು ಸರಳ ವಿಚಾರ ಬರೆದಿದ್ದ. ಜನರನ್ನು ಅಳೆಯೋಕೆ ಯಾವಾಗಲೂ ಟೇಪು ಬೇಕಿಲ್ಲ. ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವೆ ನಿಂತವನನ್ನು ನೋಡಿ, ಕಾಲು ಭಾಗದ ಹತ್ತಿರ ನಿಂತವನನ್ನು ನೋಡಿ, ಇಡೀ ಗುಂಪು ಹೇಗಿದೆ ಅಂತ ತಿಳಿದುಬಿಡುತ್ತದೆ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಅವನು ಒಂದು ಅಳತೆಯ ಅಂಗಡಿಯನ್ನೇ ಇಟ್ಟ. ಮೂರು ಪೆನ್ಸ್ ಕೊಟ್ಟು ಒಂಬತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮ ಎತ್ತರ, ಉಸಿರು, ಹಿಡಿತದ ಬಲ ಅಳೆಸಿಕೊಂಡು ಹೋದರು.

ಗಾಲ್ಟನ್‌ನ ಉದ್ದೇಶ ಒಳ್ಳೇದಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಮನುಷ್ಯರನ್ನು ಮೇಲು ಕೀಳು ಅಂತ ವಿಂಗಡಿಸಿ ‘ಉತ್ತಮ ತಳಿ’ ಬೆಳೆಸಬೇಕು ಅನ್ನೋ ಯುಜೆನಿಕ್ಸ್ ಪದವೂ ಅವನದೇ. ಸಾಲು ನಿಲ್ಲಿಸೋ ಉಪಾಯ ಮಾತ್ರ ಅವನ ಕೈ ಬಿಟ್ಟು ಬಹಳ ದೂರ ಬಂತು. 1914ರಲ್ಲಿ ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ ನದಿಗಳನ್ನು ಹಾಗೇ ಸಾಲಿಗೆ ನಿಲ್ಲಿಸಿದ. ಊರಿಗೆ ಕುಡಿಯೋ ನೀರಿನ ಜಲಾಶಯ ಎಷ್ಟು ದೊಡ್ಡದಿರಬೇಕು ಅನ್ನೋದು ಅವನ ಪ್ರಶ್ನೆ. 1960ರ ಹೊತ್ತಿಗೆ ನಮ್ಮ ದೇಶದ ಪಿ.ಸಿ. ಮಹಾಲನೋಬಿಸ್ ಕುಟುಂಬಗಳನ್ನು ಸಾಲಿಗೆ ನಿಲ್ಲಿಸಿದರು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಖರ್ಚಿನ ಲೆಕ್ಕವನ್ನು ಬಡವರಿಂದ ಶ್ರೀಮಂತರ ಕಡೆಗೆ ಜೋಡಿಸಿ, ಸಮ ಭಾಗ ಮಾಡಿ, ಪ್ರತಿ ಭಾಗ ಹೇಗೆ ಬದುಕುತ್ತಿದೆ ಅಂತ ನೋಡೋ ಅವರ ಪದ್ಧತಿಗೆ ಫ್ರಾಕ್ಟೈಲ್ ವಿಶ್ಲೇಷಣೆ ಅಂತ ಹೆಸರು.

ಜನ, ಕುಟುಂಬ, ನದಿ. ಸಾಲು ಒಂದೇ.

ಎಂಟು ವರ್ಷದ ಒಂದು ಕೆರೆ

ಈಗ ನಾವೇ ಒಂದು ಸಾಲು ಮಾಡೋಣ. ಇದು ಲೆಕ್ಕಕ್ಕೆ ಅಂತ ಮಾಡಿಕೊಂಡ ಕೆರೆ, ಯಾವ ಊರಿನದೂ ಅಲ್ಲ. ಎಂಟು ವರ್ಷ ಈ ಕೆರೆಗೆ ಬಂದ ನೀರು, ಮೊದಲ ವರ್ಷದಿಂದ ಕ್ರಮವಾಗಿ: 62, 95, 48, 110, 77, 70, 130, 84. ಕೋಡ್ ಬರೆಯೋರು ಇಂಥ ಪಟ್ಟಿಗೆ ವೆಕ್ಟರ್ ಅಂತಾರೆ. ದೊಡ್ಡ ಹೆಸರು, ಆದ್ರೆ ವಸ್ತು ಇಷ್ಟೇ: ಕ್ರಮ ಇರುವ ಸಂಖ್ಯೆಗಳ ಸಾಲು.

ಸರಾಸರಿ ತೆಗೀರಿ. ಒಟ್ಟು 676, ಎಂಟರಿಂದ ಭಾಗಿಸಿದ್ರೆ 84.5. ಇನ್ನು ಎಷ್ಟು ವರ್ಷ ಕೆರೆಗೆ 84.5ಕ್ಕಿಂತ ಹೆಚ್ಚು ನೀರು ಬಂದಿದೆ ಅಂತ ಎಣಿಸ್ರಿ. 95, 110, 130. ಮೂರೇ ವರ್ಷ. ಸರಾಸರಿ ನಂಬಿ ಬಿತ್ತಿದ ರೈತನಿಗೆ ಎಂಟರಲ್ಲಿ ಐದು ವರ್ಷ ನೀರು ಸಾಲೋದಿಲ್ಲ. ಒಂದು 130, ಒಂದು 110 ಸೇರಿ ಸರಾಸರಿಯನ್ನು ಮೇಲಕ್ಕೆ ಎಳೆದವು. ಹೆಚ್ಚು ಮಳೆಯ ವರ್ಷದ ನೀರು ಕೋಡಿ ಬಿದ್ದು ಹೋಗುತ್ತದೆ, ಕಡಿಮೆ ಮಳೆಯ ವರ್ಷಕ್ಕೆ ಅದು ಸಾಲ ಕೊಡೋದಿಲ್ಲ. ಅದಕ್ಕೇ ನೀರಾವರಿಯವರು ಸರಾಸರಿ ಬಿಟ್ಟು ಖಾತ್ರಿ ಕೇಳ್ತಾರೆ: ನಾಲ್ಕರಲ್ಲಿ ಮೂರು ವರ್ಷ ಇಷ್ಟಾದರೂ ಬಂದೇ ಬರುತ್ತದೆ ಅನ್ನೋ ಸಂಖ್ಯೆ ಎಷ್ಟು? ಅದು ಶೇ 75ರ ಖಾತ್ರಿ.

ಈಗ ಸಾಲು ಹಚ್ಚೋಣ, ಸಣ್ಣದರಿಂದ ದೊಡ್ಡದಕ್ಕೆ: 48, 62, 70, 77, 84, 95, 110, 130. ಎಂಟರ ಮುಕ್ಕಾಲು ಆರು. ಮೇಲಿನಿಂದ ಆರು ಎಣಿಸ್ರಿ: 130, 110, 95, 84, 77, 70. ಎಂಟರಲ್ಲಿ ಆರು ವರ್ಷ 70 ಅಥವಾ ಹೆಚ್ಚು ಬಂದಿದೆ. ಹಾಗಾದ್ರೆ ಉತ್ತರ 70.

ತಡೀರಿ. ಕೆಳಗಿನಿಂದ ಎಣಿಸಿ ನೋಡ್ರಿ. ಖಾತ್ರಿ ಶೇ 75 ಅಂದ್ರೆ ಕೆಳಗೆ ಶೇ 25. ಎಂಟರ ಕಾಲು ಭಾಗ ಎರಡು. ಕೆಳಗಿನಿಂದ ಎರಡನೇದು 62. ಅದೇ ಸಾಲು, ಅದೇ ಶೇಕಡಾ, ಎರಡು ಉತ್ತರ! ಯಾಕಂದ್ರ ಗೆರೆ ಬಿದ್ದದ್ದು ಸರಿಯಾಗಿ ಎರಡನೇ ಮತ್ತು ಮೂರನೇ ಸಂಖ್ಯೆಯ ನಡುವಿನ ಖಾಲಿ ಜಾಗದಲ್ಲಿ. ಮೇಲಿನಿಂದ ಬಂದವನ ಕೈಗೆ 70 ಸಿಗುತ್ತದೆ, ಕೆಳಗಿನಿಂದ ಹೋದವನ ಕೈಗೆ 62.

ಕಂಪ್ಯೂಟರ್ ಏನು ಹೇಳುತ್ತದೆ?

ಕಂಪ್ಯೂಟರ್‌ಗೆ ಕೊಟ್ಟರೆ ತಂಟೆ ಮುಗೀತು ಅಂತ ಅನ್ಕೋತೀರಿ. ಎಕ್ಸೆಲ್ ತೆಗೀರಿ. ಅದರಲ್ಲಿ 2010ರಿಂದ ಎರಡು ಪರ್ಸೆಂಟೈಲ್ ಸೂತ್ರಗಳಿವೆ. ಪರ್ಸೆಂಟೈಲ್ ಡಾಟ್ ಇಂಕ್‌ಗೆ ನಮ್ಮ ಎಂಟು ಸಂಖ್ಯೆ ಕೊಟ್ಟು 0.25 ಕೇಳಿದ್ರೆ 68 ಅನ್ನುತ್ತದೆ. ಪರ್ಸೆಂಟೈಲ್ ಡಾಟ್ ಎಕ್ಸ್‌ಕ್‌ಗೆ ಕೇಳಿದ್ರೆ 64 ಅನ್ನುತ್ತದೆ. ಆರ್ ಅನ್ನೋ ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಕ್ವಾಂಟೈಲ್ ಅಂತ ಕೇಳಿದ್ರೆ ಅದರದ್ದೂ 68.

68 ಎಲ್ಲಿಂದ ಬಂತು? ನಮ್ಮ ಕೆರೆಗೆ ಯಾವ ವರ್ಷವೂ 68 ಬಂದಿಲ್ಲ. 62 ಮತ್ತು 70ರ ನಡುವಿನ ದೂರದಲ್ಲಿ ಮುಕ್ಕಾಲು ದಾರಿ ನಡೆದು ಕಂಪ್ಯೂಟರ್ ಒಂದು ಹೊಸ ಸಂಖ್ಯೆ ಮಾಡಿಕೊಂಡಿತು. ಇನ್ನೊಂದು ಸೂತ್ರ ಕಾಲು ದಾರಿ ನಡೆದು 64ಕ್ಕೆ ನಿಂತಿತು. ಎರಡೂ ತಪ್ಪಲ್ಲ. 1996ರಲ್ಲಿ ರಾಬ್ ಹೈಂಡ್‌ಮನ್ ಮತ್ತು ಯಾನಾನ್ ಫಾನ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಆಗ ಬಳಕೆಯಲ್ಲಿದ್ದ ಸಾಫ್ಟ್‌ವೇರುಗಳನ್ನು ನೋಡಿ ಪಟ್ಟಿ ಮಾಡಿದರು. ಒಂದೇ ಕ್ವಾಂಟೈಲ್‌ಗೆ ಒಂಬತ್ತು ಲೆಕ್ಕದ ವಿಧಾನಗಳು. ಆರ್ ಭಾಷೆಯಲ್ಲಿ ಇವತ್ತಿಗೂ ಆ ಒಂಬತ್ತಕ್ಕೂ ಸಂಖ್ಯೆ ಕೊಟ್ಟು ಇಟ್ಟಿದ್ದಾರೆ. ನೀವು ಏನೂ ಹೇಳದಿದ್ದರೆ ಅದು ಏಳನೇದನ್ನು ಬಳಸುತ್ತದೆ.

ಈಗ ನಿಜವಾದ ಪ್ರಶ್ನೆ. ಆ 68 ಪಟ್ಟಿಯಲ್ಲಿ ಎಲ್ಲಿದೆ, ಅಂದ್ರೆ ಯಾವ ವರ್ಷ? ಕೋಡಿನಲ್ಲಿ ಸಹಜವಾಗಿ ಬರೆಯೋದು ಹೀಗೆ: ‘ಪಟ್ಟಿಯಲ್ಲಿ 68ಕ್ಕೆ ಸಮ ಇರೋದು ಎಲ್ಲಿದೆ ಹೇಳು’. ಆರ್‌ನಲ್ಲಿ ಅದಕ್ಕೆ ವಿಚ್, ಎಕ್ಸೆಲ್‌ನಲ್ಲಿ ಮ್ಯಾಚ್. ಉತ್ತರ ಖಾಲಿ, ಅಥವಾ ಎರರ್. ಇಲ್ಲದ ಸಂಖ್ಯೆಗೆ ಜಾಗ ಎಲ್ಲಿಂದ ಬರಬೇಕು?

ಎರಡನೇ ದಾರಿ: 68ಕ್ಕೆ ಅತಿ ಹತ್ತಿರ ಇರೋದನ್ನು ಕೇಳೋದು. ಪ್ರತಿ ಸಂಖ್ಯೆಯಿಂದ 68 ಕಳೆದು, ಮೈನಸ್ ಚಿಹ್ನೆ ಬಿಟ್ಟು, ಅತಿ ಸಣ್ಣ ಅಂತರ ಯಾವ ಜಾಗದಲ್ಲಿದೆ ಅಂತ ನೋಡಬೇಕು. 68ಕ್ಕೆ ಹತ್ತಿರದ್ದು 70. ಅದು ಆರನೇ ವರ್ಷ. ಇದೇ ಕೆಲಸ 64ಕ್ಕೆ ಮಾಡ್ರಿ. ಹತ್ತಿರದ್ದು 62, ಅದು ಮೊದಲನೇ ವರ್ಷ. ನೋಡಿದ್ರಾ? ಸೂತ್ರದ ಹೆಸರಿನ ಕೊನೆಯ ಮೂರಕ್ಷರ ಬದಲಾದದ್ದಕ್ಕೆ ವರ್ಷವೇ ಬದಲಾಯಿತು.

ಮೂರನೇ ದಾರಿ ನನಗೆ ಎಲ್ಲಕ್ಕಿಂತ ಸ್ವಚ್ಛ ಅನ್ನಿಸುತ್ತದೆ. ಸಂಖ್ಯೆಗಳನ್ನೇ ಅದಲುಬದಲು ಮಾಡೋ ಬದಲು, ಅವುಗಳ ಜಾಗದ ಚೀಟಿಗಳನ್ನು ಸಾಲಿಗೆ ಹಚ್ಚೋದು. ಆರ್‌ನಲ್ಲಿ ಇದಕ್ಕೆ ಆರ್ಡರ್, ಪೈಥಾನ್‌ನ ನಂಪೈಯಲ್ಲಿ ಆರ್ಗ್‌ಸಾರ್ಟ್. ನಮ್ಮ ಕೆರೆಗೆ ಹಚ್ಚಿದ್ರೆ ಬರೋದು: 3, 1, 6, 5, 8, 2, 4, 7. ಅಂದ್ರೆ ಅತಿ ಕಡಿಮೆ ನೀರು ಮೂರನೇ ವರ್ಷ, ಅದಕ್ಕಿಂತ ಸ್ವಲ್ಪ ಹೆಚ್ಚು ಮೊದಲನೇ ವರ್ಷ, ಆಮೇಲೆ ಆರನೇ ವರ್ಷ, ಹೀಗೆ. ಈಗ ಎಷ್ಟನೇ ಚೀಟಿ ಬೇಕು ಅಂತ ನಾವೇ ಬಾಯಿಬಿಟ್ಟು ಹೇಳಬೇಕು. ಎರಡನೇದಾ, ಮೂರನೇದಾ? ಕಂಪ್ಯೂಟರ್ ಹಿಂದೆ ಅವಿತುಕೊಳ್ಳೋಕೆ ಆಗೋದಿಲ್ಲ. ಪೈಥಾನ್ ಬಳಸೋರು ಒಂದು ನೆನಪಿಡ್ರಿ, ಅದು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತದೆ, ಅದರ ಪ್ರಕಾರ ನಮ್ಮ ಮೂರನೇ ವರ್ಷ 2. ಎರಡು ವರ್ಷದ ನೀರು ಒಂದೇ ಆಗಿದ್ದರೆ ಚೀಟಿಗಳೂ ಎರಡು, ಆಗ ಯಾವುದನ್ನು ಎತ್ತಬೇಕು ಅನ್ನೋದೂ ಮನುಷ್ಯನ ತೀರ್ಮಾನ.

ಪಟ್ಟಿ ದೊಡ್ಡದಾದ್ರೆ ಪೂರ್ತಿ ಸಾಲು ಹಚ್ಚಬೇಕಾಗಿಯೂ ಇಲ್ಲ. 1961ರಲ್ಲಿ ಟೋನಿ ಹೋರ್ ಅನ್ನೋ ಬ್ರಿಟಿಷ್ ವಿಜ್ಞಾನಿ ಇದಕ್ಕೊಂದು ಉಪಾಯ ಕೊಟ್ಟ. ಒಬ್ಬನನ್ನು ನಿಲ್ಲಿಸಿ, ಅವನಿಗಿಂತ ಗಿಡ್ಡವರು ಎಡಕ್ಕೆ, ಎತ್ತರದವರು ಬಲಕ್ಕೆ ಅನ್ನೋದು. ನಮಗೆ ಬೇಕಾದವನು ಯಾವ ಕಡೆ ಇದ್ದಾನೋ ಆ ಕಡೆ ಮಾತ್ರ ಮತ್ತೆ ಹೀಗೇ ಮಾಡೋದು. ಇನ್ನೊಂದು ಕಡೆಯನ್ನು ಮುಟ್ಟೋದೇ ಇಲ್ಲ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು, ಗ್ರಾಮ ಪಂಚಾಯಿತಿಗೊಂದರಂತೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸೋಕೆ ಮಾಡಿದಂಥವು. ಎಲ್ಲವೂ ಕಳಿಸಿದ್ರೆ ದಿನಕ್ಕೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆ. ಅಂಥ ಕಡೆ ಹೋರ್‌ನ ಉಪಾಯ ಕೆಲಸಕ್ಕೆ ಬರುತ್ತದೆ.

78 ವರ್ಷದ ಸಾಲು

ಇಲ್ಲಿತನಕ ಆಟ. ಈಗ ಅದೇ ಆಟ ನದಿಯ ಮೇಲೆ.

ಮಲಪ್ರಭೆಯ ನೀರು ನವಲಗುಂದ, ಅಣ್ಣಿಗೇರಿ ಕಡೆಯ ಹೊಲಕ್ಕೆ ಕಾಲುವೆಯಲ್ಲಿ ಬರುತ್ತದೆ. ಉಳಿದದ್ದು ಕೃಷ್ಣೆ ಸೇರಿ ವಿಜಯವಾಡ ದಾಟಿ ಸಮುದ್ರಕ್ಕೆ ಹೋಗುತ್ತದೆ. ಕೃಷ್ಣೆಯ ಲೆಕ್ಕವನ್ನು ವಿಜಯವಾಡದಲ್ಲೇ ಹಿಡಿಯುತ್ತಾರೆ, ಅಲ್ಲಿ 1855ರಿಂದ ಆಣೆಕಟ್ಟು ಇದೆ.

1951ರಲ್ಲಿ ಯೋಜನಾ ಆಯೋಗದ ಸಭೆಯಲ್ಲಿ ಕೃಷ್ಣೆಯ ಖಾತ್ರಿ ನೀರು 1715 ಟಿಎಂಸಿ ಅಂತ ಹಿಡಿದಿದ್ದರು. ಅದು ಶೇ 86ರ ಖಾತ್ರಿ. ರಾಜ್ಯಗಳ ಜಗಳ ಮುಂದುವರಿದು 1969ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಆರ್.ಎಸ್. ಬಚಾವತ್ ಅವರ ನ್ಯಾಯಮಂಡಳಿ ಬಂತು. ಅವರ ಮುಂದೆ ಇದ್ದ ಸಾಲು 1894-95ರಿಂದ 1971-72ರ ತನಕ, 78 ವರ್ಷ. 1973ರ ಡಿಸೆಂಬರ್ ತೀರ್ಪಿನಲ್ಲಿ ಗೆರೆ ಎಳೆದದ್ದು ಶೇ 75ಕ್ಕೆ. ಸಿಕ್ಕಿದ್ದು 2060 ಟಿಎಂಸಿ. ಹಂಚಿಕೆ: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಕೂಡಿಸಿ ನೋಡ್ರಿ, ಟ್ಯಾಲಿ ಆಗುತ್ತದೆ, 2060. ಹೊಲದಿಂದ ಬಸಿದು ಮರಳಿ ಬರೋ ನೀರನ್ನು ಆಮೇಲೆ ಇದರ ಮೇಲೆ ಸೇರಿಸಿದ್ರು, ಅದರಲ್ಲಿ ನಮ್ಮ ಪಾಲು 34.

78ರ ಮುಕ್ಕಾಲು ಎಷ್ಟು? 58.5. ಐವತ್ತೆಂಟೂವರೆಯನೇ ವರ್ಷ ಅನ್ನೋದು ಯಾವ ಪಂಚಾಂಗದಾಗೂ ಇಲ್ಲ. ನಮ್ಮ ಎಂಟು ವರ್ಷದ ಕೆರೆಯ ತಕರಾರು ನದಿಗೂ ತಪ್ಪಿದ್ದಲ್ಲ.

ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಸವದತ್ತಿಯ ರೇಣುಕಾಸಾಗರ ಪೂರ್ತಿ ತುಂಬಿದ್ರೆ 37.73 ಟಿಎಂಸಿ. ಈ ಅಳತೆ ನೆನಪಿಟ್ಟುಕೊಳ್ರಿ, ಮುಂದಿನ ಲೆಕ್ಕಕ್ಕೆ ಬೇಕು.

ಗೆರೆ ಸರಿದಾಗ

2004ರಲ್ಲಿ ಕೃಷ್ಣೆಗೆ ಎರಡನೇ ನ್ಯಾಯಮಂಡಳಿ ಬಂತು, ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರದು. ಅವರು ಸಾಲನ್ನೇ ಬದಲಿಸಿದರು: 1961-62ರಿಂದ 2007-08ರ ತನಕ, 47 ವರ್ಷ. 2010ರ ಡಿಸೆಂಬರ್ ತೀರ್ಪಿನ ಪ್ರಕಾರ ಆ ಸಾಲಿನಲ್ಲಿ ಶೇ 75ರ ಜಾಗದಲ್ಲಿ ಇದ್ದದ್ದು 2173 ಟಿಎಂಸಿ, ಶೇ 65ರ ಜಾಗದಲ್ಲಿ 2293, ಸರಾಸರಿ 2578.

ಇಲ್ಲಿ ನಿಲ್ಲೋಣ. ಪಟ್ಟಿ ಒಂದೇ, ನದಿ ಒಂದೇ. ಗೆರೆಯನ್ನು ಶೇ 75ರಿಂದ 65ಕ್ಕೆ ಸರಿಸಿದ್ದಕ್ಕೆ 120 ಟಿಎಂಸಿ ನೀರು ಕಾಗದದ ಮೇಲೆ ಹುಟ್ಟಿತು. ಮೂರು ರೇಣುಕಾಸಾಗರಕ್ಕಿಂತ ಹೆಚ್ಚು. ಒಂದು ಹನಿ ಮಳೆ ಹೆಚ್ಚು ಬಿದ್ದಿಲ್ಲ. ಬದಲಾದದ್ದು ಭರವಸೆ: ನೂರರಲ್ಲಿ ಇಪ್ಪತ್ತೈದು ವರ್ಷ ಕೊರತೆ ಬರಬಹುದು ಅಂತ ಇದ್ದದ್ದು ಮೂವತ್ತೈದು ವರ್ಷ ಆಯಿತು.

ನ್ಯಾಯಮಂಡಳಿ ನೀರನ್ನು ಪದರ ಪದರವಾಗಿ ಹಂಚಿತು. ಮೊದಲು ಶೇ 75ರದ್ದು, ಅದರ ಮೇಲೆ ಶೇ 65ರ ತನಕದ್ದು, ಅದರ ಮೇಲೆ ಸರಾಸರಿಯ ತನಕದ್ದು. 2013ರ ನವೆಂಬರ್‌ನ ಅಂತಿಮ ಲೆಕ್ಕದಲ್ಲಿ ಆಂಧ್ರಕ್ಕೆ 1005, ಕರ್ನಾಟಕಕ್ಕೆ 907, ಮಹಾರಾಷ್ಟ್ರಕ್ಕೆ 666. ಮತ್ತೆ ಕೂಡಿಸ್ರಿ: 2578. ಹಳೆಯ 734 ಇದ್ದ ಕರ್ನಾಟಕಕ್ಕೆ 173 ಟಿಎಂಸಿ ಹೆಚ್ಚು. ಆಲಮಟ್ಟಿಯ ಎತ್ತರ 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಅನುಮತಿಯೂ ಇದೇ ತೀರ್ಪಿನಿಂದ ಸಿಕ್ಕಿದ್ದು.

ನದಿಯ ಕೊನೆಯಲ್ಲಿ ಇರೋ ಆಂಧ್ರ ಇದನ್ನು ಒಪ್ಪಲಿಲ್ಲ. ಅವರ ಕಡೆಯಿಂದ ಯೋಚನೆ ಮಾಡ್ರಿ. ಮೇಲಿನವರು ಕಟ್ಟೆ ಕಟ್ಟಿ ತಮ್ಮ ಪಾಲು ಹಿಡಿದಿಟ್ಟುಕೊಳ್ತಾರೆ. ಕೊರತೆಯ ವರ್ಷ ಬಂದಾಗ ಮೊದಲು ಬತ್ತೋದು ಕೆಳಗಿನವರ ಕಾಲುವೆ. ಶೇ 65 ಅಂದ್ರೆ ಅಂಥ ವರ್ಷ ಹೆಚ್ಚು. 47 ವರ್ಷ ಸಾಲದು, 1894ರಿಂದ ಇರೋ ಪೂರ್ತಿ ಸಾಲು ತಗೊಳ್ರಿ ಅನ್ನೋದೂ ಅವರ ವಾದ. 2011ರಲ್ಲೇ ಸುಪ್ರೀಂ ಕೋರ್ಟ್ ಈ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ತಡೆದಿತ್ತು. ಆಮೇಲೆ ತೆಲಂಗಾಣ ಬೇರೆಯಾಯಿತು, ವ್ಯಾಜ್ಯ ಇನ್ನೂ ಉದ್ದವಾಯಿತು.

ಕರ್ನಾಟಕದವನಾಗಿ ನನಗೆ 907 ಬೇಕು. ಆದ್ರೆ ಲೆಕ್ಕ ಗೊತ್ತಿದ್ದವನಾಗಿ ಆಂಧ್ರದ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗೋದಿಲ್ಲ. ಯಾಕಂದ್ರ ನಾಳೆ ಅದೇ ಪ್ರಶ್ನೆಯನ್ನು ಕಾಲುವೆಯ ಕೊನೆಯಲ್ಲಿ ಇರೋ ನವಲಗುಂದದ ರೈತ ನಮಗೇ ಕೇಳ್ತಾನೆ.

ಕಾವೇರಿಗೆ 50, ಮಹದಾಯಿಗೆ 75

ಕಾವೇರಿಯಲ್ಲಿ ಗೆರೆ ಇನ್ನೂ ಕೆಳಗೆ. 2007ರ ಫೆಬ್ರವರಿಯ ಅಂತಿಮ ಆದೇಶದಲ್ಲಿ ಒಟ್ಟು ನೀರು 740 ಟಿಎಂಸಿ ಅಂತ ಹಿಡಿದದ್ದು ಶೇ 50ರ ಖಾತ್ರಿಯ ಮೇಲೆ. ಅಂದ್ರೆ ಮೀಡಿಯನ್, ಸಾಲಿನ ಸರಿ ನಡುವಿನ ವರ್ಷ. ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 284.75ಕ್ಕೆ ಏರಿಸಿತು. ಶೇ 50 ಅಂದ್ರೆ ಏನು ಅಂತ ಈಗ ನಿಮಗೇ ಗೊತ್ತು: ಎರಡು ವರ್ಷಕ್ಕೊಂದು ವರ್ಷ ಆ 740 ಬರೋದಿಲ್ಲ. ಕೆಲವು ವರ್ಷಕ್ಕೊಮ್ಮೆ ಮಂಡ್ಯದಲ್ಲಿ ರಸ್ತೆ ತಡೆ ಆಗುತ್ತದಲ್ಲ, ಅದರ ಹಿಂದೆ ರಾಜಕೀಯ ಇದೆ ನಿಜ, ಆದ್ರೆ ಸಂಕಟ ಹಂಚೋ ಆ ವರ್ಷಗಳು ಮತ್ತೆ ಮತ್ತೆ ಬರ್ತವೆ ಅನ್ನೋದು ಲೆಕ್ಕದ ಒಳಗೇ ಬರೆದಿತ್ತು.

ಇನ್ನು ನಮ್ಮ ಮಹದಾಯಿ. 2018ರ ಆಗಸ್ಟ್ 14ರಂದು ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅವರ ನ್ಯಾಯಮಂಡಳಿ ಶೇ 75ರ ಖಾತ್ರಿ ನೀರು 188.06 ಟಿಎಂಸಿ ಅಂತ ನಿಗದಿ ಮಾಡಿತು. ಕರ್ನಾಟಕಕ್ಕೆ 13.42. ಅದರಲ್ಲಿ 8.02 ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು 3.9: ಕಳಸಾದಿಂದ 1.72, ಬಂಡೂರಿಯಿಂದ 2.18. 2020ರ ಫೆಬ್ರವರಿಯಲ್ಲಿ ಗೆಜೆಟ್ ಆಯಿತು. ರೇಣುಕಾಸಾಗರದ ಹತ್ತನೇ ಒಂದು ಭಾಗದಷ್ಟು ನೀರಿಗೆ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕುಂತದ್ದು ಇದಕ್ಕೆ.

ಆ ಊರುಗಳಿಗೆ ಕಾಗದದ ನೀರು ಮತ್ತು ಕಾಲುವೆಯ ನೀರಿನ ವ್ಯತ್ಯಾಸ ಹೊಸದಲ್ಲ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ, ನೀರಿನ ಕರ ಕಟ್ಟಬೇಕು ಅಂದದ್ದಕ್ಕೆ ರೈತರು ಎದ್ದು ನಿಂತರು. ಗೋಲಿಬಾರಿನಲ್ಲಿ ಜೀವ ಹೋದವು. ಪ್ರತಿ ವರ್ಷ ಆ ದಿನವನ್ನು ರೈತ ಹುತಾತ್ಮ ದಿನ ಅಂತ ಆಚರಿಸ್ತಾರೆ. ನಕ್ಷೆಯಲ್ಲಿ ‘ನೀರಾವರಿ ಪ್ರದೇಶ’ ಅಂತ ಬಣ್ಣ ಹಚ್ಚಿದ ಮೇಲೆ ಕರ ಪ್ರತಿ ವರ್ಷ ಬರುತ್ತದೆ. ನೀರು ಮಾತ್ರ ಸಾಲಿನಲ್ಲಿ ಆ ವರ್ಷ ಎಷ್ಟನೇದು ಅಂತ ನೋಡಿಕೊಂಡು ಬರುತ್ತದೆ.

ಯಾವ ವರ್ಷ ಅನ್ನೋದು ಯಾಕ ಬೇಕು?

‘ಸಂಖ್ಯೆ ಸಿಕ್ಕಿತಲ್ಲ, ಜಾಗ ಯಾಕ ಹುಡುಕಬೇಕು?’ ಅಂತ ಯಾರಾದ್ರೂ ಕೇಳಬಹುದು. ಜಲವಿದ್ಯುತ್ ಯೋಜನೆ ಮಾಡೋ ಎಂಜಿನಿಯರುಗಳ ಕೆಲಸ ನೋಡ್ರಿ. ಅವರಿಗೆ ಶೇ 90ರ ಖಾತ್ರಿ ವರ್ಷ ಬೇಕು. ಸಂಖ್ಯೆ ಸಾಲೋದಿಲ್ಲ, ವರ್ಷವೇ ಬೇಕು. ಆ ವರ್ಷದ ಹತ್ತು ಹತ್ತು ದಿನದ ಹರಿವು ತೆಗೆದು, ಎಷ್ಟು ಕರೆಂಟು ಬರುತ್ತದೆ ಅಂತ ಲೆಕ್ಕ ಹಾಕ್ತಾರೆ. ಕಲ್ಪಿತ 68ಕ್ಕೆ ಜೂನ್ ಇಲ್ಲ, ಆಗಸ್ಟ್ ಇಲ್ಲ. 70 ಬಂದ ಆರನೇ ವರ್ಷಕ್ಕೆ ಇದೆ.

ರೈತನಿಗೂ ಅಷ್ಟೇ. ವರ್ಷದ ಒಟ್ಟು ಮಳೆ ಒಂದೇ ಇದ್ದರೂ, ಒಂದು ವರ್ಷ ಆರಿದ್ರ, ಪುನರ್ವಸುಗಳಲ್ಲಿ ಹದವಾಗಿ ಬಿದ್ದಿರಬಹುದು, ಇನ್ನೊಂದು ವರ್ಷ ಕೊಯ್ಲಿನ ಹೊತ್ತಿಗೆ ಸುರಿದು ಗೋವಿನಜೋಳ ಕೊಳೆಸಿರಬಹುದು. ನಮ್ಮ ತಾಲ್ಲೂಕಿನ ನೀರಸಾಗರ ಕೆರೆಯನ್ನೇ ತಗೊಳ್ರಿ. ಬೇಡ್ತಿ ನದಿಯ ಕಣಿವೆಯಲ್ಲಿ, ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯೋ ನೀರಿಗೆ ಅಂತ 1950ರ ದಶಕದಲ್ಲಿ ಮಾಡಿದ್ದು. ಮಳೆ ಕೈಕೊಟ್ಟಾಗ ಅದು ಬತ್ತಿದ್ದೂ ಇದೆ. ಅಂಥ ಕೆರೆಯನ್ನು ಸರಾಸರಿ ಮಳೆ ನೋಡಿ ನಂಬೋಕೆ ಬರೋದಿಲ್ಲ, ಕೆಟ್ಟ ವರ್ಷಗಳು ಸಾಲಿನಲ್ಲಿ ಎಲ್ಲಿ ನಿಂತಿವೆ, ಆ ವರ್ಷ ಯಾವ ತಿಂಗಳು ಏನಾಯಿತು ಅಂತ ನೋಡಬೇಕು.

ಫಸಲ್ ಬಿಮಾ ಅರ್ಜಿ ತುಂಬಿದವರಿಗೆ ಇನ್ನೊಂದು ಸಾಲು ಸಂಬಂಧಪಟ್ಟಿದೆ. ನಿಮ್ಮ ಪಂಚಾಯಿತಿಯ ಬೆಳೆಗೆ ‘ಪ್ರಾರಂಭಿಕ ಇಳುವರಿ’ ಅಂತ ಒಂದು ಮಟ್ಟ ಇರುತ್ತದೆ. ಈ ಸಲದ ಇಳುವರಿ ಅದಕ್ಕಿಂತ ಕೆಳಗೆ ಬಿದ್ದರೆ ಪರಿಹಾರ. ಆ ಮಟ್ಟ ಹೇಗೆ ಬರುತ್ತದೆ? ಹಿಂದಿನ ಏಳು ವರ್ಷದ ಇಳುವರಿಯನ್ನು ಸಾಲಿಗೆ ಹಚ್ಚಿ, ಕೆಳಗಿನ ಎರಡನ್ನು ಬಿಟ್ಟು, ಮೇಲಿನ ಐದರ ಸರಾಸರಿ ತೆಗೆದು, ಅದನ್ನು ಶೇ 70, 80 ಅಥವಾ 90ರಿಂದ ಗುಣಿಸ್ತಾರೆ. ಎರಡು ಬರಗಾಲ ಬಂದ್ರೂ ಮಟ್ಟ ಕುಸಿಯಬಾರದು ಅನ್ನೋದು ಉದ್ದೇಶ. ಆದ್ರೆ ಏಳರಲ್ಲಿ ಮೂರು ವರ್ಷ ಕೆಟ್ಟರೆ? ಮೂರನೇ ಕೆಟ್ಟ ವರ್ಷ ಲೆಕ್ಕದ ಒಳಗೆ ಬಂದು ಕೂರುತ್ತದೆ, ಮಟ್ಟ ಇಳಿಯುತ್ತದೆ, ಪರಿಹಾರ ದೂರ ಹೋಗುತ್ತದೆ. ಬರ ಹೆಚ್ಚಾದಷ್ಟೂ ‘ಬರ’ ಅನ್ನಿಸಿಕೊಳ್ಳೋದು ಕಷ್ಟ ಆಗುತ್ತದೆ. ಆಣೆವಾರಿಯ ಕಾಲದ ಪ್ರಶ್ನೆ, ಹದಿನಾರಾಣೆ ಯಾವುದು ಅನ್ನೋದು, ನೂರು ವರ್ಷದ ಮೇಲೆ ಎಕ್ಸೆಲ್ ಶೀಟಿನಲ್ಲಿ ಕುಂತಿದೆ.

ಹೀಗಾಗಿ ದೋಸ್ತ್ರೇ, ಮುಂದಿನ ಸಲ ಟಿವಿಯಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ‘ಶೇ ಇಷ್ಟರ ಖಾತ್ರಿ’ ಅಂತ ಕಂಡರೆ ಮೂರು ಪ್ರಶ್ನೆ ಕೇಳ್ರಿ. ಯಾವ ವರ್ಷದಿಂದ ಯಾವ ವರ್ಷದ ಸಾಲು ಇದು? ಗೆರೆ ಎಲ್ಲಿ ಎಳೆದಿದ್ದಾರೆ, ಎಳೆದವರು ಯಾರು? ಗೆರೆಯ ಕೆಳಗೆ ಉಳಿದ ವರ್ಷಗಳಲ್ಲಿ ಯಾರ ಹೊಲ ಒಣಗುತ್ತದೆ? ಮೊದಲ ಎರಡಕ್ಕೆ ಉತ್ತರ ದಾಖಲೆಯಲ್ಲಿ ಸಿಗುತ್ತದೆ. ಮೂರನೇದನ್ನು ದಾಖಲೆ ಬರೆಯೋದಿಲ್ಲ, ಕಾಲುವೆಯ ಕೊನೆಗೆ ಹೋಗಿ ಕೇಳಬೇಕು.

ಕೈಯಾಗ ಲ್ಯಾಪ್‌ಟಾಪ್ ಇದ್ದವರು ಆ ಎಂಟು ಸಂಖ್ಯೆ ಹಾಕಿ ನೀವೇ ನೋಡ್ರಿ: 62, 95, 48, 110, 77, 70, 130, 84. ನಿಮ್ಮ ಕಂಪ್ಯೂಟರ್ 68 ಅಂದ್ರೆ, ಅದು ಯಾವ ವರ್ಷ ಅಂತ ಕೇಳ್ರಿ.